ಹೆದ್ದಾರಿ ಬದಿಯ ನರ್ಸರಿಯ ಗುಲಾಬಿಗಳು, ಪುತ್ತೂರಿನ ಸೆಕೆ ಮತ್ತು ಮಳೆ

ಗುಲಾಬಿ ಕೊಳ್ಳಲು ಹೋದರೆ ನರ್ಸರಿಯವರು ಹೂವನ್ನೇ ತೋರಿಸುತ್ತಾರೆ. ಪುತ್ತೂರಿನಂಥ ಊರಿನವರು ಮೊದಲು ನೋಡಬೇಕಾದದ್ದು ಬುಡವನ್ನು. ಮಾರ್ಚ್‌ನಿಂದ ಮೇ ತನಕ ಅಂಗಳದಲ್ಲಿ ಕಾಲಿಡಲಾಗದ ಬಿಸಿಲು, ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಕೆಲವೇ ದಿನಗಳಲ್ಲಿ ಹಿಡಿದು ಸೆಪ್ಟೆಂಬರ್ ತನಕ ಬಿಡದ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ನೀರು ಸುರಿಯುವ ಸೀಮೆ ಇದು. ಮಂಗಳೂರು ಕಡೆಯ ಹೆದ್ದಾರಿ ಬದಿಯ ನರ್ಸರಿಯೊಂದರಿಂದ ತಂದ ನಾಲ್ಕು ಜಾತಿಯ ಗುಲಾಬಿಗಳು ಈ ಎರಡನ್ನೂ ಕಂಡಾದ ಮೇಲೆ ಬರೆಯುತ್ತಿದ್ದೇನೆ. ನರ್ಸರಿಯ ಹೆಸರು ಹಾಕುವುದಿಲ್ಲ. ನನ್ನ ದೂರುಗಳು ಅದೊಂದರದೇ ಅಲ್ಲ.

ಮೊದಲು ಒಳ್ಳೆಯ ಮಾತು. ಗಿಡಗಳನ್ನು ನೆರಳು ಬಲೆಯ ಕೆಳಗೆ ಸಾಲಾಗಿ ಇಟ್ಟಿದ್ದರು, ಬೆಲೆ ಬರೆದು ತೂಗುಹಾಕಿದ್ದರು, ಚೌಕಾಶಿಯ ಗದ್ದಲವಿಲ್ಲ. ಕೆಲಸದ ಹುಡುಗ ನಾನು ಪ್ರತಿ ಗಿಡವನ್ನೂ ತಿರುಗಿಸಿ ಎಲೆಯ ಅಡಿ ನೋಡುವ ತನಕ ಬೇಸರಿಸದೆ ನಿಂತ. ಆದರೆ ಯಾವುದನ್ನು ಕೇಳಿದರೂ ಅವನದು ಒಂದೇ ಉತ್ತರ: "ಇದು ವರ್ಷವಿಡೀ ಹೂ ಬಿಡುತ್ತದೆ ಅಕ್ಕ, ನೀರು ಹಾಕಿದರೆ ಸಾಕು." ನಮ್ಮಲ್ಲಿ ನಾಲ್ಕು ತಿಂಗಳು ಗುಲಾಬಿಗೆ ನೀರು ಹಾಕುವ ಚಿಂತೆಯೇ ಇಲ್ಲ, ಬಿದ್ದ ನೀರು ಬುಡದಿಂದ ಹೋಗುವುದೇ ಚಿಂತೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಗಿಡಗಳು ಬರುವುದು ಆಂಧ್ರದ ಕಡಿಯಂನಿಂದ ಎಂದು ಅವನೇ ಹೇಳಿದ. ಗೋದಾವರಿ ಬಯಲಿನ ಆ ಊರು ನರ್ಸರಿಗೇ ಹೆಸರಾದದ್ದು, ಅಲ್ಲಿಂದ ಲಾರಿಗಟ್ಟಲೆ ಗಿಡ ದಕ್ಷಿಣದ ಎಲ್ಲ ಕಡೆಗೂ ಹೋಗುತ್ತದೆ. ದಾರಿಯಲ್ಲಿ ಒಣಗದಿರಲಿ ಎಂದು ಬೇರಿನ ಸುತ್ತ ಜೇಡಿಮಣ್ಣನ್ನು ಮುದ್ದೆಕಟ್ಟಿರುತ್ತಾರೆ. ಮನೆಗೆ ತಂದು ಪ್ಲಾಸ್ಟಿಕ್ ಚೀಲ ಹರಿದಾಗ ಸಿಕ್ಕಿದ್ದು ಅಂಥದೇ ಮುದ್ದೆ, ಬೆರಳು ಒತ್ತಿದರೆ ಗುರುತು ಮೂಡುವಷ್ಟು ಅಂಟು. ಬೇರುಗಳು ಮುದ್ದೆಯ ಗೋಡೆಯ ಒಳಗೇ ಸುತ್ತು ಹಾಕಿದ್ದವು, ಒಂದೂ ಹೊರಗೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಈ ಮಣ್ಣು ಇಟ್ಟಿಗೆಯಾಗಿ, ಮೇಲೆ ಹಾಕಿದ ನೀರು ಬದಿಯಿಂದ ಜಾರಿಹೋಗುತ್ತದೆ. ಮಳೆಗಾಲದಲ್ಲಿ ಹೀರಿದ ನೀರನ್ನು ಬಿಡದೆ ಬೇರನ್ನು ಕೊಳೆಸುತ್ತದೆ. ಬಾಲ್ದಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಯಿಂದ ಮೆಲ್ಲನೆ ಕರಗಿಸಿ, ಬೇರನ್ನು ಬಿಡಿಸಿ ನೆಟ್ಟೆ. ಕೆಳಗೆ ತೆಂಗಿನ ಸಿಪ್ಪೆ, ಮೇಲೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ಹೊಳೆಯ ಮರಳು, ಒಂದು ಹಿಡಿ ಬೇವಿನ ಹಿಂಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುವುದರಿಂದ ಸ್ವಲ್ಪ ಸುಣ್ಣವೂ ಬೇಕು. ಗಿಡದ ಬೆಲೆ 180 ರೂಪಾಯಿ. ಈ ಮಣ್ಣಿನ ಸಂಗತಿಯನ್ನು ಹೇಳಲು ನರ್ಸರಿಯವರಿಗೆ ಖರ್ಚೇನೂ ಇಲ್ಲ, ಆದರೂ ಹೇಳುವುದಿಲ್ಲ.

ಇನ್ನು ಗಿಡಗಳು. ಎಲ್ಲರ ಕಣ್ಣು ಹೋಗುವುದು ಡಬಲ್ ಡಿಲೈಟ್ ಮೇಲೆ. 1977ರಲ್ಲಿ ಅಮೆರಿಕದಲ್ಲಿ ಬಂದ ತಳಿ, ಕೆನೆಬಣ್ಣದ ಎಸಳಿಗೆ ಕೆಂಪು ಅಂಚು, ದೂರಕ್ಕೇ ಬರುವ ಪರಿಮಳ. ಡಿಸೆಂಬರ್, ಜನವರಿಯಲ್ಲಿ ನನ್ನ ಗಿಡ ಬಿಟ್ಟ ಹೂ ನೋಡಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಬೇಕು. ಆದರೆ ಆ ಕೆಂಪು ಹರಡಬೇಕಾದರೆ ಬಿಸಿಲು ಬೇಕು. ಜೂನ್‌ನ ಮೋಡದಲ್ಲಿ ಅರಳಿದ್ದು ಬರೀ ಪೇಲವ ಕೆನೆಬಣ್ಣ, ಅಂಚಿನಲ್ಲಿ ಕೆಂಪಿನ ನೆಪ ಮಾತ್ರ. ಆಮೇಲೆ ಅರಳುವುದೇ ನಿಂತಿತು. ಎಸಳು ದಟ್ಟವಾಗಿರುವ ಮೊಗ್ಗಿನ ಹೊರ ಎಸಳುಗಳು ಮಳೆಗೆ ಒಂದಕ್ಕೊಂದು ಅಂಟಿ, ಒಳಗಿನವು ಹೊರಬರಲಾಗದೆ, ನೆನೆದ ಕಾಗದದ ಉಂಡೆಯಂತೆ ಕಂದಿ ಕೊಳೆಯುತ್ತವೆ. ಜತೆಗೆ ಕಪ್ಪು ಚುಕ್ಕೆ ರೋಗ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಆ ಶಿಲೀಂಧ್ರದ ಬೀಜಾಣು ಮೊಳೆಯುತ್ತದೆ. ಜುಲೈ, ಆಗಸ್ಟ್‌ನ ಆಟಿ ತಿಂಗಳಲ್ಲಿ ಎಲೆ ಒಣಗುವುದಾದರೂ ಯಾವಾಗ? ಆಗಸ್ಟ್ ಹೊತ್ತಿಗೆ ಗಿಡದಲ್ಲಿ ಉಳಿದದ್ದು ಕಡ್ಡಿ ಮತ್ತು ಮುಳ್ಳು. ಮಾಡಿನ ಕೆಳಗೆ ಕುಂಡದಲ್ಲಿಡಲು ಜಾಗವಿದ್ದರೆ ಮಾತ್ರ ಕೊಳ್ಳಿ.

ಐಸ್‌ಬರ್ಗ್ ಪಾಸಾಗಿದೆ, ಮೊದಲ ದರ್ಜೆಯಲ್ಲಲ್ಲ. 1958ರ ಜರ್ಮನ್ ತಳಿ, ಗೊಂಚಲು ಗೊಂಚಲಾಗಿ ಬಿಳಿ ಹೂ. ಎಸಳು ಕಡಿಮೆಯಾದ್ದರಿಂದ ಮಳೆಯಲ್ಲೂ ಅರಳುತ್ತದೆ, ಒಂದೇ ದಿನಕ್ಕೆ ಉದುರುತ್ತದೆ. ಕಪ್ಪು ಚುಕ್ಕೆ ಇದಕ್ಕೂ ಬಂತು. ಆದರೆ ಎಲೆ ಉದುರಿದ ಬೆನ್ನಿಗೇ ಚಿಗುರುವ ಹಟ ಇದರಲ್ಲಿದೆ. ಬಟನ್ ಗುಲಾಬಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ: ದೇವರ ಪಟಕ್ಕೆ ದಿನಾ ಎರಡು ಹೂ ಬೇಕಾದ ಮನೆಗೆ ಸರಿ, ಪರಿಮಳ ಕೇಳಬೇಡಿ.

ನಾಲ್ಕನೆಯದು ಎಡ್ವರ್ಡ್. ಮೂಲೆಯಲ್ಲಿ, ಹೆಸರಿನ ಚೀಟಿಯೂ ಇಲ್ಲದೆ, ಅರ್ಧ ಬೆಲೆಗೆ ಇಟ್ಟಿದ್ದರು. ನಮ್ಮತ್ತೆ ಕಂಡ ಕೂಡಲೇ "ಇದು ಪನ್ನೀರು ಗುಲಾಬಿಯಲ್ಲವಾ, ಇದಕ್ಕೆ ಯಾರಾದರೂ ದುಡ್ಡು ಕೊಡುತ್ತಾರಾ?" ಎಂದು ನಕ್ಕರು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಿಕ್ಕಿದ ಗುಲಾಬಿ ಇದು. ಸೆಕೆ, ಮಳೆ ಎರಡೂ ಇದರ ಹುಟ್ಟೂರಿನದೇ. ಕಡುಗುಲಾಬಿ ಬಣ್ಣ, ಸಡಿಲ ಎಸಳು, ಗುಲ್ಕಂದಿಗೂ ಪನ್ನೀರಿಗೂ ಸಲ್ಲುವ ಪರಿಮಳ. ಹೂದಾನಿಯಲ್ಲಿ ಒಂದು ದಿನ ನಿಲ್ಲುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಬೇರೆಲ್ಲ ಗಿಡಗಳ ಹೂ ನಾಣ್ಯದಷ್ಟು ಚಿಕ್ಕದಾದಾಗ ಇದು ಸೊರಗಲಿಲ್ಲ, ಜುಲೈಯಲ್ಲಿ ಹೂ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕಡ್ಡಿ ಊರಿದರೆ ಬರುತ್ತದೆ, ಕಸಿಯ ಹಂಗಿಲ್ಲ. ಕಸಿಗಿಡದಲ್ಲಾದರೆ ಕಣ್ಣು ಕೂರಿಸಿದ ಗಂಟಿನ ಕೆಳಗಿನಿಂದ ನೀಳ ಚಿಗುರು ಎದ್ದು ಮೇಲಿನ ಗಿಡವನ್ನೇ ತಿಂದುಹಾಕುತ್ತದೆ. ಅದನ್ನು ಬುಡದಿಂದಲೇ ಚಿವುಟುತ್ತಿರಬೇಕು.

ಮಳೆಗಾಲದ ಔಷಧಕ್ಕೆಂದು ಅದೇ ನರ್ಸರಿಯಲ್ಲಿ ಬಣ್ಣದ ಪೊಟ್ಟಣ ಮಾರುತ್ತಾರೆ. ಅಡಿಕೆ ತೋಟವಿದ್ದವರಿಗೆ ಅದು ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಡ್ರಮ್ಮಿನ ತಳದಲ್ಲಿ ಉಳಿದದ್ದು ಸಾಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಆ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಗುಲಾಬಿಗೆ ಹೊಡೆಯುತ್ತೇನೆ. ಗಟ್ಟಿಯಾಗಿದ್ದರೆ ಎಳೆ ಚಿಗುರು ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಕತ್ತರಿಸಿದ ಕಡ್ಡಿಯ ತುದಿಗೂ ಅದರದೇ ಮುಲಾಮು ಹಚ್ಚಿದರೆ ತುದಿಯಿಂದ ಕೆಳಕ್ಕೆ ಒಣಗುತ್ತ ಬರುವ ರೋಗ ನಿಲ್ಲುತ್ತದೆ. ಬೇಸಿಗೆಗೆ ಬೇಕಾದದ್ದು ಇನ್ನೂ ಅಗ್ಗ: ಬುಡಕ್ಕೆ ಅಡಿಕೆ ಸಿಪ್ಪೆಯ ಹೊದಿಕೆ, ಬೆಳಿಗ್ಗೆ ಬೇಗ ನೀರು, ಮಧ್ಯಾಹ್ನಕ್ಕೆ ಸೋಗೆಯ ನೆರಳು, ನುಸಿ ಬಾರದಂತೆ ಎಲೆಯ ಅಡಿಗೆ ಜೋರು ನೀರು. ಆಗ ಗೊಬ್ಬರವನ್ನೂ ಕತ್ತರಿಯನ್ನೂ ದೂರ ಇಡಿ. ಸವರುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ. ಅಲ್ಲಿಂದ ಒಂದೂವರೆ ತಿಂಗಳಿಗೆ ಹೂ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಬಿಸಿ ಸೀಮೆಗೆಂದೇ ಗುಲಾಬಿ ತಳಿ ಮಾಡಿದವರು ನಮ್ಮಲ್ಲೇ ಇದ್ದಾರೆ. ಐಎಎಸ್ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ಎಂ.ಎಸ್. ವೀರರಾಘವನ್ ಮತ್ತು ಅವರ ಪತ್ನಿ ಗಿರಿಜಾ ದಶಕಗಳ ಕಾಲ ಇದನ್ನೇ ಮಾಡಿದರು. ಅವರು ಆರಿಸಿದ ಒಂದು ಕಾಡುಗುಲಾಬಿ ರೋಸಾ ಕ್ಲೈನೋಫಿಲ್ಲಾ, ಪೂರ್ವ ಭಾರತದ ನದಿಬದಿಗಳಲ್ಲಿ ನೆರೆನೀರಿನಲ್ಲಿ ಮುಳುಗಿಯೂ ಬದುಕುವಂಥದು. ಇನ್ನೊಂದು ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ. ಪುತ್ತೂರಿಗೆ ಬೇಕಾದದ್ದು ಅಂಥ ರಕ್ತದ ಗಿಡವೇ ಅಲ್ಲವೇ? ನರ್ಸರಿಯಲ್ಲಿ ಕೇಳಿದೆ. ಮಾಲೀಕರು ಕ್ಯಾಟಲಾಗ್ ತಿರುವಿ ಹಾಕಿ ಹೊಸ ಡಚ್ ಗುಲಾಬಿ ಬಂದಿದೆ, ನೋಡುತ್ತೀರಾ ಎಂದರು.

ಒಟ್ಟು ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರರಲ್ಲಿ ಒಂದು ಆ ಹುಡುಗನ ತಾಳ್ಮೆಗೆ. ಹೋಗುವುದಾದರೆ ಹೂ ತುಂಬಿದ ಫೆಬ್ರವರಿಯಲ್ಲಿ ಬೇಡ, ನವರಾತ್ರಿ ಕಳೆದು ಹೊಸ ಲಾರಿ ಬಂದ ವಾರ ಹೋಗಿ. ಬೇಸಿಗೆಗೆ ಮೊದಲು ಬೇರೂರಲು ಗಿಡಕ್ಕೆ ಸಮಯ ಸಿಗುತ್ತದೆ. ಎಡ್ವರ್ಡ್ ಮಾತ್ರ ಕೊಳ್ಳಬೇಡಿ, ನಮ್ಮಲ್ಲಿ ಕಡ್ಡಿ ಬೇಕಾದಷ್ಟಿದೆ.