ಕುದಿಸಿದ ನೀರು ಅಂತ ನಂಬಿ ಕೂಸಿಗೆ ಕೊಡಬೇಡಿ

ನಮ್ಮ ಮನೆ ಕೊಡಗಿನ ಸಿದ್ದಾಪುರದ ಕಡೆ, ಕಾಫಿ ತೋಟದ ಒಳಗೆ. ಬಾಣಂತನಕ್ಕೆ ಬಂದ ಮಗಳಿಗೆ ಎದೆಹಾಲು ಸಾಲುತ್ತಿರಲಿಲ್ಲ. ಎರಡು ತಿಂಗಳ ಮಗುವಿಗೆ ಡಬ್ಬಿ ಹಾಲಿನ ಪುಡಿ ಕಲಸಿ ಕೊಡುತ್ತಿದ್ದೆವು. ನೀರು ನಮ್ಮ ಬಾವಿಯದೇ. ತಳ ಕಾಣುವಷ್ಟು ತಿಳಿ, ರುಚಿಯೂ ಚೆನ್ನಾಗಿತ್ತು. ಕೂಸಿಗಲ್ವಾ ಅಂತ ಇಪ್ಪತ್ತು ನಿಮಿಷ ಕುದಿಸುತ್ತಿದ್ದೆ.

ಒಂದು ಬೆಳಿಗ್ಗೆ ಎಣ್ಣೆ ಹಚ್ಚುವಾಗ ನೋಡಿದರೆ ಮಗುವಿನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಉಗುರೂ ಹಾಗೇ. ಜಡಿಮಳೆಯ ಚಳಿ ಇರಬೇಕು ಅಂತ ಕಂಬಳಿ ಸುತ್ತಿ ಮಲಗಿಸಿದೆ. ಅರ್ಧ ದಿನ ಹಾಗೇ ಹೋಯಿತು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಆಸ್ಪತ್ರೆಯಲ್ಲಿ ತೆಗೆದ ರಕ್ತ ಕೆಂಪಗಿರಲಿಲ್ಲ, ಚಾಕೊಲೇಟ್ ಬಣ್ಣ. ಡಾಕ್ಟರ್ ಮೊದಲು ಕೇಳಿದ್ದೇ, "ಅಮ್ಮಾ, ಹಾಲಿನ ಪುಡಿಗೆ ಯಾವ ನೀರು ಹಾಕ್ತೀರಿ?"

ನೀರಿನಲ್ಲಿ ನೈಟ್ರೇಟ್ ಇತ್ತು. ಗೊಬ್ಬರ, ಕಕ್ಕಸಿನಿಂದ ನೀರಿಗೆ ಇಳಿದು ಕರಗುವ, ಕಣ್ಣಿಗೆ ಕಾಣದ ಲವಣ ಅದು. ಆರು ತಿಂಗಳೊಳಗಿನ ಮಕ್ಕಳಲ್ಲಿ ಅದು ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನಮ್ಮ ಬಾವಿಯಲ್ಲಿ 82 ಬಂತು. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಅಲ್ಲೇ ಉಳಿಯುತ್ತದೆ. ಅಂದರೆ ನಾನು ಕುದಿಸಿ ಕುದಿಸಿ ಅದನ್ನು ಇನ್ನೂ ಗಟ್ಟಿ ಮಾಡುತ್ತಿದ್ದೆ.

ಹಿಂದಿನ ವರ್ಷ ಫಿಲ್ಟರ್ ಮಾರಲು ಬಂದವನು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯುವುದು) ಅದ್ದಿ, "190 ಅಷ್ಟೇ, ಫಸ್ಟ್ ಕ್ಲಾಸ್ ನೀರು" ಅಂದಿದ್ದ. ಆ ಮೀಟರ್ ನೈಟ್ರೇಟನ್ನು ಬೇರೆ ಮಾಡಿ ತೋರಿಸುವುದೇ ಇಲ್ಲ. ಅವನು ಹಾಕಿಕೊಟ್ಟ ಯುವಿ ಫಿಲ್ಟರ್ ಕ್ರಿಮಿಗಷ್ಟೇ. ಬ್ಲೀಚಿಂಗ್ ಪುಡಿಯಿಂದಲೂ ಇದು ಹೋಗುವುದಿಲ್ಲ. ಆರ್‌ಒ ಫಿಲ್ಟರ್ ನೈಟ್ರೇಟನ್ನು ಕಡಿಮೆ ಮಾಡುತ್ತದೆ, ಆದರೆ ಅದರಿಂದ ಬಂದ ನೀರನ್ನೂ ಪರೀಕ್ಷೆ ಮಾಡಿಸಿಯೇ ನಂಬಿ.

ನಮ್ಮ ಬಾವಿ ಇರುವುದು ಇಳಿಜಾರಿನ ಕೆಳಗೆ. ಮೇಲೆ ಕೊಟ್ಟಿಗೆ, ಗೊಬ್ಬರದ ಗುಂಡಿ, ಪಕ್ಕದಲ್ಲೇ ಕಕ್ಕಸು ಗುಂಡಿ. ಅದರಾಚೆ ಯೂರಿಯಾ ಹಾಕುವ ತೋಟ. ನಮ್ಮ ಮಳೆಗೆ ಇದೆಲ್ಲ ಎಲ್ಲಿಗೆ ಇಳಿಯುತ್ತದೆ ಅಂತ ಇಷ್ಟು ವರ್ಷ ಯೋಚಿಸಲೇ ಇಲ್ಲ.

ಸುಮ್ನೆ "ನೀರು ಟೆಸ್ಟ್ ಮಾಡಿ" ಅನ್ನಬೇಡಿ, ನೈಟ್ರೇಟ್ ಅಂತ ಹೆಸರು ಹೇಳಿ ಕೇಳಿ. ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಮಾಡಿಸಿ. ವರದಿಯಲ್ಲಿ "ನೈಟ್ರೇಟ್ ನೈಟ್ರೋಜನ್" ಅಂತಿದ್ದರೆ ನೈಟ್ರೇಟಿನೊಳಗಿನ ನೈಟ್ರೋಜನ್ ಮಾತ್ರ ಲೆಕ್ಕ ಹಾಕಿರುತ್ತಾರೆ, ಆಗ ಮಿತಿ 45 ಅಲ್ಲ, ಸುಮಾರು 10.

ನಮ್ಮ ಪುಣ್ಯ, ಮಗು ಉಳಿಯಿತು. ನಿಮ್ಮ ಕೂಸಿನ ತುಟಿ ನೀಲಿಯಾಗಿದ್ದರೆ ಕಂಬಳಿ ಹುಡುಕಬೇಡಿ, ತಕ್ಷಣ ಜೀಪು ಹತ್ತಿ ಆಸ್ಪತ್ರೆಗೆ ಹೋಗಿ.