ಬಡಿಯುತ್ತಿರುವುದು ಯಾರು? ಎರಡು ‘ಹಾಂಟಿಂಗ್’, ಜೊತೆಗೆ ಇನ್ನೊಂದು

1963ರ ‘ದಿ ಹಾಂಟಿಂಗ್’, 1999ರ ‘ದಿ ಹಾಂಟಿಂಗ್’: ಒಂದೇ ಹೆಸರಿನ ಎರಡು ಇಂಗ್ಲಿಷ್ ದೆವ್ವದ ಸಿನಿಮಾಗಳು. ಎರಡಕ್ಕೂ ಮೂಲ ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ. ಹಿಲ್ ಹೌಸ್ ಎಂಬ ಭೂತಬಂಗಲೆ, ಅಲ್ಲಿ ಉಳಿಯಲು ಬರುವ ಕೆಲವು ಜನ, ಅವರಲ್ಲಿ ನೆಲ್ ಎಂಬ ಒಂಟಿ ಹೆಂಗಸು. ಎರಡನ್ನೂ ಬೆನ್ನುಬೆನ್ನಿಗೆ ನೋಡಿದೆ. ಒಂದು ನಿದ್ದೆ ಕೆಡಿಸಿತು, ಇನ್ನೊಂದು ನಿದ್ದೆ ಬರಿಸಿತು.

ಮೊದಲು ಹೊಸದು. ನಿರ್ದೇಶಕ ಯಾನ್ ದೆ ಬಾಂಟ್, ತಾರೆಯರು ಲಿಯಾಮ್ ನೀಸನ್, ಕ್ಯಾಥರೀನ್ ಝೀಟಾ-ಜೋನ್ಸ್. ಸೆಟ್ ಮಾತ್ರ ಭರ್ಜರಿ. ನಿದ್ರಾಹೀನತೆಯ ಅಧ್ಯಯನ ಅಂತ ಸುಳ್ಳು ಹೇಳಿ ಡಾಕ್ಟರ್ ಭಯದ ಪ್ರಯೋಗ ಮಾಡುವ ಐಡಿಯಾ ಕೂಡ ಚೆನ್ನಾಗಿದೆ. ಆಮೇಲೆ ಗ್ರಾಫಿಕ್ಸ್ ಶುರುವಾಗುತ್ತದೆ. ಕೆತ್ತನೆಯ ಮಕ್ಕಳ ಮುಖಗಳು ಜೀವ ತಳೆಯುತ್ತವೆ, ಬಟ್ಟೆಯೊಳಗಿಂದ ಮಗುವಿನ ಆಕಾರ ಮೂಡುತ್ತದೆ, ಕೊನೆಗೆ ದೆವ್ವವೇ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೊಂದು ಹೆಸರು, ಹಳೇ ಪಾಪದ ಕಥೆ, ಬಿಡಿಸುವ ದಾರಿ ಎಲ್ಲವೂ ಸಿಗುತ್ತವೆ. ದೆವ್ವದ ಜಾತಕ ಗೊತ್ತಾದ ಮೇಲೆ ಹೆದರುವುದಕ್ಕೆ ಏನು ಉಳಿಯಿತು?

ಹಳೆಯದನ್ನು ತೆಗೆದವರು ರಾಬರ್ಟ್ ವೈಸ್. (ಎರಡು ವರ್ಷ ಬಿಟ್ಟು ‘ದಿ ಸೌಂಡ್ ಆಫ್ ಮ್ಯೂಸಿಕ್’ ತೆಗೆದವರೂ ಇವರೇ, ನಂಬಲು ಕಷ್ಟ.) ಕಪ್ಪು-ಬಿಳುಪು. ಇಡೀ ಚಿತ್ರದಲ್ಲಿ ಒಂದೇ ಒಂದು ದೆವ್ವವೂ ಕಾಣುವುದಿಲ್ಲ. ರಾತ್ರಿ ಗೋಡೆ ಬಡಿಯುವ ಸದ್ದು. ದೂರದಲ್ಲಿ ಶುರುವಾಗಿ ಹತ್ತಿರ ಬರುತ್ತದೆ, ನೆಲ್ ಮತ್ತು ಅವಳ ಹಾಗೇ ಉಳಿಯಲು ಬಂದ ಥಿಯೋ ಇರುವ ಕೋಣೆಯ ಬಾಗಿಲಿಗೇ ಬರುತ್ತದೆ, ಹಿಡಿ ನಿಧಾನಕ್ಕೆ ತಿರುಗುತ್ತದೆ. ಅಷ್ಟೇ.

ಆ ಸದ್ದು ಬರೀ ಸದ್ದಲ್ಲ, ನನಗೆ ಹಿಡಿಸಿದ್ದು ಇಲ್ಲಿಯೇ. ನೆಲ್ ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿದವಳು. ತಾಯಿ ಕರೆಯುತ್ತಿದ್ದದ್ದು ಗೋಡೆ ಬಡಿದು. ಸತ್ತ ರಾತ್ರಿಯೂ ಬಡಿದಿದ್ದಳು, ನೆಲ್ ಹೋಗಲಿಲ್ಲ. ಈಗ ಹಿಲ್ ಹೌಸ್‌ನಲ್ಲಿ ಸದ್ದು ಕೇಳಿ ಅರೆನಿದ್ದೆಯಲ್ಲಿ ‘ಬಂದೆ ಅಮ್ಮಾ’ ಎನ್ನುತ್ತಾಳೆ. ರೋಗಿಯನ್ನು ನೋಡಿಕೊಂಡು ಸುಸ್ತಾದವರು ಯಾರಾದರೂ ಈ ಮಾತಿಗೆ ನಡುಗುತ್ತಾರೆ. ತಾಯಿಯ ಬಡಿತ ರಿಮೇಕ್‌ನಲ್ಲೂ ಇದೆ. ಆದರೆ ಅಲ್ಲಿ ನೆಲ್ ಮಕ್ಕಳ ಆತ್ಮಗಳನ್ನು ಕಾಪಾಡುವ ನಾಯಕಿ. ಹಳೆಯದರಲ್ಲಿ ಅವಳಿಗೆ ಬೇರೆಲ್ಲೂ ಜಾಗವಿಲ್ಲ, ಮನೆ ತನ್ನನ್ನು ಕರೆಯುತ್ತಿದೆ ಅಂತ ಖುಷಿಪಡುತ್ತಾಳೆ. ನೆಲ್ ಪಾತ್ರದ ಜೂಲಿ ಹ್ಯಾರಿಸ್ ಆ ಖುಷಿಯನ್ನು ಮುಖದಲ್ಲಿ ತಂದಾಗ ಬಡಿತಕ್ಕಿಂತ ಜಾಸ್ತಿ ಭಯವಾಯಿತು.

ಕತ್ತಲಲ್ಲಿ ಕೈ ಹಿಡಿಯುವ ದೃಶ್ಯದ ಬಗ್ಗೆ ಹೇಳುವುದಿಲ್ಲ, ನೋಡದವರಿಗೆ ಉಳಿಯಲಿ.

ಕ್ಯಾಮೆರಾ ಕೆಲಸವೂ ಬೇರೆ ಮಟ್ಟದ್ದು. ವೈಸ್ ಪಟ್ಟು ಹಿಡಿದು, ಇನ್ನೂ ಪೂರ್ತಿ ತಯಾರಾಗಿರದ ಒಂದು ಅಗಲದ ಲೆನ್ಸನ್ನು ಪ್ಯಾನಾವಿಷನ್ ಎಂಬ ಕ್ಯಾಮೆರಾ-ಲೆನ್ಸ್ ಕಂಪನಿಯಿಂದ ತರಿಸಿಕೊಂಡಿದ್ದರು. ಚಿತ್ರ ಸೊಟ್ಟಗಾಗುತ್ತದೆ ಅಂತ ಕಂಪನಿಯೇ ಎಚ್ಚರಿಸಿತ್ತು. ಅವರಿಗೆ ಬೇಕಾಗಿದ್ದದ್ದೂ ಅದೇ. ಗೋಡೆ ಒಳಕ್ಕೆ ವಾಲಿದ ಹಾಗೆ, ಬಾಗಿಲು ಸರಿಯಾಗಿ ನಿಂತಿಲ್ಲದ ಹಾಗೆ ಕಾಣುತ್ತದೆ. ಉಸಿರಾಡುವಂತೆ ಬಾಗಿಲು ಉಬ್ಬುವ ದೃಶ್ಯಕ್ಕೆ ಪದರ ಪದರ ಮರದ ಬಾಗಿಲು ಮಾಡಿ ಹಿಂದಿನಿಂದ ಒತ್ತಿಸಿದರು. ರಿಮೇಕ್‌ನ ಕೋಟಿಗಟ್ಟಲೆ ಡಾಲರ್ ಗ್ರಾಫಿಕ್ಸ್ ಇದರ ಹತ್ತಿರಕ್ಕೂ ಬರುವುದಿಲ್ಲ.

ತಪ್ಪುಗಳಿಲ್ಲ ಅಂತಲ್ಲ. ನೆಲ್‌ಳ ಮನಸ್ಸಿನ ಮಾತು ಹಿನ್ನೆಲೆಯಲ್ಲಿ ಬಂದದ್ದೇ ಬಂದದ್ದು. ಮುಖವೇ ಎಲ್ಲ ಹೇಳುವಾಗ ಬಾಯಲ್ಲೂ ಹೇಳಿಸುವುದು ಯಾಕೆ? ಮನೆಯಲ್ಲಿ ಜೊತೆಗಿರುವ ಲ್ಯೂಕ್‌ನ ಜೋಕುಗಳೂ ಹಳಸಿವೆ.

ಇವೆರಡನ್ನೂ ನೋಡಿದ ಮೇಲೆ, ದೆವ್ವವನ್ನು ತೋರಿಸಿದರೆ ಭಯ ಹೋಗುತ್ತದೆ ಅನ್ನಿಸಿತು. ಅದು ನಿಜವೇ ಅಂತ ಬೇರೆ ಕಥೆಯ ಮೂರನೆಯದನ್ನೂ ಪಕ್ಕಕ್ಕೆ ಇಟ್ಟು ನೋಡಿದೆ: ಜ್ಯಾಕ್ ಕ್ಲೇಟನ್ ಅವರ ‘ದಿ ಇನ್ನೊಸೆಂಟ್ಸ್’, 1961. ಇಲ್ಲಿ ದೆವ್ವ ಕಾಣುತ್ತದೆ, ಅದೂ ಹಗಲಲ್ಲಿ. ಕೆರೆಯ ಆಚೆ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸು. ಅರಚುವುದಿಲ್ಲ, ಮೈಮೇಲೆ ಬರುವುದಿಲ್ಲ, ಸುಮ್ನೆ ನಿಂತಿರುತ್ತಾಳೆ. ನನ್ನ ವಾದವನ್ನು ಇದು ಅರ್ಧಕ್ಕರ್ಧ ಮುರಿಯಿತು. ದೂರದಲ್ಲಿ ತೋರಿಸಿ, ವಿವರಿಸದೆ ಬಿಟ್ಟರೆ ಆಗುತ್ತದೆ ಅಂತಾಯಿತು.

ಸ್ನೇಹಿತರ ಜೊತೆ ಹರಟುತ್ತಾ ನೋಡಲು 1999ರದು ಸಾಕು, ಆದರೆ ಒಂದು ಕಡೆ ತಲೆ ಹಾರುತ್ತದೆ, ಮಕ್ಕಳಿದ್ದರೆ ನೋಡಿಕೊಳ್ಳಿ. ಒಬ್ಬರೇ ಇದ್ದಾಗ 1963ರದು, ಹೆಡ್‌ಫೋನ್ ಹಾಕಿ. ಸದ್ದುಗಳನ್ನೂ ಬರೆದು ತೋರಿಸುವ ಸಬ್‌ಟೈಟಲ್ ಆಫ್ ಮಾಡಿ. ಬಾಗಿಲು ಬಡಿಯುತ್ತಿದೆ ಅಂತ ಮೊದಲೇ ಓದಿಬಿಟ್ಟರೆ ಮಜಾ ಇಲ್ಲ.