ಪಿನ್‌ಬಾಲ್ ಪ್ಲಾಸ್ಟಿಕ್ ಮಾಡಿಸುವವರ ಗಮನಕ್ಕೆ: ಹಳೇ ತುಂಡು ಅಂಗಡಿಗೆ ಕೊಡಬೇಡಿ, ಆಕ್ರಿಲಿಕ್ ಒಪ್ಪಬೇಡಿ

ತೀರ್ಥಹಳ್ಳಿ ಕಡೆಯ ಹೋಂಸ್ಟೇ ಒಂದರಲ್ಲಿರುವ ಹಳೇ ಅಮೆರಿಕನ್ ಪಿನ್‌ಬಾಲ್ ಯಂತ್ರಕ್ಕೆ ಹೊಸ ಪ್ಲಾಸ್ಟಿಕ್ ಸೆಟ್ ಹಾಕಿಸಿದ್ದರು. ಎಲೆಕ್ಟ್ರಾನಿಕ್ ಬೋರ್ಡ್ ಬರುವುದಕ್ಕಿಂತ ಮೊದಲಿನ, ರಿಲೇ (ವಿದ್ಯುತ್ತಿನಿಂದ ಒತ್ತಿಕೊಳ್ಳುವ ಸ್ವಿಚ್) ಮೇಲೆ ನಡೆಯುವ ಯಂತ್ರ ಅದು. ಪಿನ್‌ಬಾಲ್ ಎಂದರೆ ಇಳಿಜಾರು ಹಲಗೆಯ (ಪ್ಲೇಫೀಲ್ಡ್) ಮೇಲೆ ಉಕ್ಕಿನ ಚೆಂಡನ್ನು ಬಡಿದು ಓಡಿಸುವ ಆಟ. ಪ್ಲಾಸ್ಟಿಕ್ ಎಂದರೆ ಆ ಹಲಗೆಯ ಪೋಸ್ಟ್‌ಗಳ (ಗಿಡ್ಡ ಕಂಬಗಳ) ಮೇಲೆ ಕೂರಿಸುವ, ಚಿತ್ರವಿರುವ ತೆಳು ತುಂಡುಗಳು. ಸೆಟ್ ಮಾಡಿಕೊಟ್ಟದ್ದು ಶಿವಮೊಗ್ಗದ ಒಂದು ನಾಮಫಲಕದ ಅಂಗಡಿ. ಹಾಕಿದ ದಿನ ಎಲ್ಲ ಫಳಫಳ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಫ್ಲಿಪ್ಪರ್ (ಚೆಂಡು ಬಡಿಯುವ ಕೈ) ಮೇಲಿನ ಎರಡೂ ಸ್ಲಿಂಗ್‌ಶಾಟ್ (ತಾಗಿದ ಚೆಂಡನ್ನು ಒದೆಯುವ, ರಬ್ಬರ್ ಸುತ್ತಿದ ಭಾಗ) ಪ್ಲಾಸ್ಟಿಕ್ ಒಡೆದಿದ್ದವು, ಉಳಿದವುಗಳಲ್ಲಿ ಸ್ಕ್ರೂ ತೂತಿನಿಂದ ಸೀಳು ಹೊರಟಿತ್ತು. ಉದುರಿದ ಒಂದು ಚೂರು ರಬ್ಬರಿನ ಹಿಂದಿನ ಲೀಫ್ ಸ್ವಿಚ್‌ಗೆ (ತೆಳು ಲೋಹದ ಪಟ್ಟಿಗಳ ಸ್ವಿಚ್) ಸಿಕ್ಕಿಕೊಂಡು, ಸ್ವಿಚ್ ಬಿಡದೆ, ಸ್ಲಿಂಗ್‌ಶಾಟ್ ಒದೆಸುವ ಕಾಯಿಲ್ (ತಂತಿಯ ಸುರುಳಿ) ಕಾದು ಸುಟ್ಟಿತ್ತು. ಇನ್ನೊಂದು ಚೂರು ಚೆಂಡಿನ ಅಡಿ ಸಿಕ್ಕಿ ಪ್ಲೇಫೀಲ್ಡಿನ ಬಣ್ಣವನ್ನು ಉದ್ದಕ್ಕೂ ಗೀರಿತ್ತು.

ಇವಿಷ್ಟನ್ನೂ ಹೇಗೋ ಸರಿಮಾಡಬಹುದು. ಸರಿಮಾಡಲಾಗದ್ದು ಬೇರೆಯೇ ಇದೆ. ಅಳತೆಗೆಂದು ಕೊಟ್ಟಿದ್ದ ಮೂಲ ಪ್ಲಾಸ್ಟಿಕ್‌ಗಳನ್ನು ಅಂಗಡಿಯವರು ಸ್ಕ್ಯಾನ್ ಮಾಡುವ ಮೊದಲು "ಕ್ಲೀನ್" ಮಾಡಿದ್ದರು, ಅದೂ ಥಿನ್ನರ್ ಹಾಕಿ. ಈ ತುಂಡುಗಳ ಚಿತ್ರ ಇರುವುದು ಹಿಂಬದಿಯಲ್ಲಿ, ಸ್ಕ್ರೀನ್ ಪ್ರಿಂಟ್ ಮಾಡಿದ ಬರೀ ಬಣ್ಣ. ಥಿನ್ನರ್ ಬಿದ್ದ ಕ್ಷಣ ಅದು ಕರಗಿ ಬಟ್ಟೆಗೆ ಬರುತ್ತದೆ. ಅರ್ಧ ಚಿತ್ರ ಹೋದ ಮೇಲೆ ಉಳಿದರ್ಧವನ್ನು ಅಂದಾಜಿನಲ್ಲಿ ಬಿಡಿಸಿದ್ದಾರೆ. ಊರಲ್ಲಿ ಹುಡುಕಿದರೆ ಅಂಥ ಇನ್ನೊಂದು ಯಂತ್ರ ಸಿಗುವುದಿಲ್ಲ, ಹೋಲಿಸಿ ನೋಡಲೂ ದಾರಿಯಿಲ್ಲ.

ಆದ್ದರಿಂದ ಮೊದಲ ಮಾತು: ಮೂಲ ತುಂಡು ನಿಮ್ಮ ಮನೆ ಬಿಟ್ಟು ಹೋಗಬಾರದು. ಸ್ಕ್ಯಾನ್ ನೀವೇ ಮಾಡಿ, ಫೈಲ್ ಮಾತ್ರ ಕೊಡಿ. ಒಡೆದು ನಾಲ್ಕು ಚೂರಾಗಿದ್ದರೂ ಆ ಚೂರುಗಳನ್ನು ಎಸೆಯಬೇಡಿ. ಧೂಳು ಒರೆಸುವುದಿದ್ದರೆ ಮೇಲ್ಬದಿಯನ್ನು ಮಾತ್ರ, ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಹಿಂಡಿ ಒರೆಸಿ. ಬಣ್ಣದ ಬದಿಯನ್ನು ಮುಟ್ಟಲೇಬೇಡಿ. ನಮ್ಮ ಕಡೆ ಆ ಬದಿಗೆ ಬೂಷ್ಟು ಹಿಡಿದಿರುವುದು ಸಾಮಾನ್ಯ. ಅದನ್ನು ಒಣ ಮೆತ್ತನೆ ಬ್ರಷ್‌ನಲ್ಲಿ ಕೊಡವಿದರೆ ಸಾಕು, ಉಜ್ಜಿದರೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ.

ಈಗ ಶೀಟಿನ ವಿಷಯ. ನಷ್ಟದ ಮೂಲ ಇರುವುದೇ ಇಲ್ಲಿ. ನಾಮಫಲಕದ ಅಂಗಡಿಯಲ್ಲಿ ಸದಾ ಇರುವುದು 3 ಮಿ.ಮೀ. ಆಕ್ರಿಲಿಕ್. ಲೇಸರ್‌ನಲ್ಲಿ ಚೆನ್ನಾಗಿ ಕತ್ತರಿಸುತ್ತದೆ, ಅಗ್ಗ, ಹೊಳಪೂ ಇದೆ. ಆದರೆ ಪಿನ್‌ಬಾಲ್ ಚೆಂಡು 27 ಮಿ.ಮೀ. ವ್ಯಾಸದ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು. ಅದು ಆಗಾಗ ಹಲಗೆಯಿಂದ ಎಗರಿ ಪ್ಲಾಸ್ಟಿಕ್ಕಿನ ಅಂಚಿಗೇ ಬಡಿಯುತ್ತದೆ. ಆ ಪೆಟ್ಟಿಗೆ ಆಕ್ರಿಲಿಕ್ ಹಪ್ಪಳದಂತೆ ಮುರಿಯುತ್ತದೆ. ಬೇಕಾದದ್ದು ಪಿಇಟಿಜಿ ಇಲ್ಲವೇ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನ ಶೀಟು. ಎರಡೂ ಪೆಟ್ಟಿಗೆ ಬಾಗುತ್ತವೆ, ಸುಲಭಕ್ಕೆ ಸಿಡಿಯುವುದಿಲ್ಲ. ದಪ್ಪವನ್ನು ಮೂಲದ ಮೇಲೆ ವರ್ನಿಯರ್ ಇಟ್ಟು ನೋಡಿ. ಬಹುಪಾಲು 1.5 ಮಿ.ಮೀ. ಆಸುಪಾಸು, ಕೆಲವು 2 ದಾಟುತ್ತವೆ. 3 ಮಿ.ಮೀ. ಹಾಕಿದಾಗ ಪೋಸ್ಟಿನ ಮೇಲೆ ನಟ್ ಹಿಡಿಯಲು ಥ್ರೆಡ್ ಉಳಿಯುವುದಿಲ್ಲ, ಒಂದೇ ಸುತ್ತಿನಲ್ಲಿ ನಿಂತ ನಟ್ ಆಟದ ಅದುರಿಗೆ ಕಳಚಿ ಬೀಳುತ್ತದೆ.

"ಇದು ಅನ್‌ಬ್ರೇಕಬಲ್ ಸಾರ್" ಎಂದರೆ ನಂಬಬೇಡಿ. ಒಂದು ಬೆರಳಗಲದ ಪಟ್ಟಿ ಕತ್ತರಿಸಿ ಕೊಡಲು ಹೇಳಿ, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಬಾಗಿಸಿ. ಆಕ್ರಿಲಿಕ್ ಟಕ್ಕೆಂದು ಮುರಿಯುತ್ತದೆ, ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ. ಅಂಚು ನೋಡಿದರೂ ಗೊತ್ತಾಗುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಆಕ್ರಿಲಿಕ್ಕಿನ ಅಂಚು ಗಾಜಿನಂತೆ ನಯವಾಗಿ ಮಿನುಗುತ್ತದೆ. ಪಾಲಿಕಾರ್ಬೊನೇಟ್ ಲೇಸರ್‌ಗೆ ಹಳದಿ ಕಂದಾಗಿ ಸುಟ್ಟು ಮಸಿ ಬಿಡುತ್ತದೆ. ಹೀಗಾಗಿ "ಪಾಲಿಕಾರ್ಬೊನೇಟ್, ಲೇಸರ್ ಕಟ್" ಎಂದು ಹೇಳಿ ಮಿನುಗುವ ಅಂಚಿನ ತುಂಡು ಕೈಗಿಟ್ಟರೆ ಅದು ಪಾಲಿಕಾರ್ಬೊನೇಟ್ ಅಲ್ಲ. ಹೋಂಸ್ಟೇಯ ಸೆಟ್ಟಿನಲ್ಲಿ ಆದದ್ದೂ ಇದೇ. ಬಿಲ್ಲಿನಲ್ಲಿ ಬರೆದದ್ದೊಂದು, ಕತ್ತರಿಸಿದ್ದು ಇನ್ನೊಂದು.

ಪಾಲಿಕಾರ್ಬೊನೇಟ್‌ಗೂ ಪಿಇಟಿಜಿಗೂ ಸರಿಯಾದದ್ದು ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ, ತಿರುಗುವ ಬಿಟ್‌ನಲ್ಲಿ ಕೊಯ್ಯುವ ಯಂತ್ರ). ಒಂದೇ ಅಲಗಿನ ಬಿಟ್ ಇರಲಿ, ಅದು ಶೀಟಿನ ಮೇಲೆ ತೀರಾ ನಿಧಾನ ಮುಂದೆ ಸಾಗಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೇ ಮೆತ್ತಿಕೊಳ್ಳುತ್ತದೆ. ತಾಳ್ಮೆಯಿರುವ ಬಡಗಿ ಸ್ಕ್ರಾಲ್ ಗರಗಸದಲ್ಲೂ ಚೊಕ್ಕವಾಗಿ ಕೊಯ್ಯಬಲ್ಲ. ಆಮೇಲೆ ಅಂಚನ್ನು 400, 800, 1200 ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕಿ ತಿಕ್ಕಬೇಕು. ಆಕ್ರಿಲಿಕ್ಕಿಗೆ ಮಾಡುವಂತೆ ಬೆಂಕಿ ತೋರಿಸಿ ಹೊಳಪು ಬರಿಸಲು ಹೋಗಬೇಡಿ, ಪಾಲಿಕಾರ್ಬೊನೇಟ್ ಗುಳ್ಳೆ ಏಳುತ್ತದೆ. ಪಿವಿಸಿ ಶೀಟನ್ನಂತೂ ಲೇಸರ್‌ಗೆ ಇಡಲೇಬಾರದು. ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಯಂತ್ರಕ್ಕೂ ಕೇಡು, ಪಕ್ಕದಲ್ಲಿ ನಿಂತವರ ಶ್ವಾಸಕ್ಕೂ ಕೇಡು.

ಅಳತೆಗೆ ಹಳೇ ಪ್ಲಾಸ್ಟಿಕ್ ಒಂದನ್ನೇ ನಂಬುವುದು ಇನ್ನೊಂದು ದೊಡ್ಡ ತಪ್ಪು. ದಶಕಗಟ್ಟಲೆ ಬಲ್ಬಿನ ಬಿಸಿ ತಿಂದು ಅದು ಸೆಟೆದಿರುತ್ತದೆ, ಕುಗ್ಗಿಯೂ ಇರುತ್ತದೆ. ಸೆಟೆದ ತುಂಡನ್ನು ತೆಳು ಸ್ಕ್ಯಾನರ್ ಮೇಲಿಟ್ಟರೆ ಎದ್ದ ಭಾಗ ಮಸುಕಾಗುತ್ತದೆ. ಹಳೇ ದಪ್ಪನೆಯ ಸಿಸಿಡಿ ಸ್ಕ್ಯಾನರ್ (ಎದ್ದ ಭಾಗವನ್ನೂ ಸ್ಪಷ್ಟ ಹಿಡಿಯುವ ಬಗೆ) ಸಿಕ್ಕಿದರೆ ಅದೇ ಮೇಲು. 600 ಡಿಪಿಐ ಇಡಿ, ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟೇ ಸ್ಕ್ಯಾನ್ ಮಾಡಿ. ಮುಚ್ಚಳ ಒತ್ತಿ ತುಂಡನ್ನು ಚಪ್ಪಟೆ ಮಾಡಲು ಹೋದರೆ ಮುರಿಯುತ್ತದೆ. ಎರಡು ಗಾಜಿನ ನಡುವೆ ಇಟ್ಟು ಓವನ್‌ನಲ್ಲಿ ಸುಮಾರು 90 ಡಿಗ್ರಿಗೆ ಬಿಸಿಮಾಡಿ, ಅಲ್ಲೇ ತಣಿಯಲು ಬಿಟ್ಟು ನೇರ ಮಾಡುವ ಕ್ರಮವೇನೋ ಇದೆ. ಆದರೆ ಬಣ್ಣ ಗಾಜಿಗೆ ಅಂಟಿ ಕಿತ್ತುಬರುವ ಅಪಾಯ ಇರುವುದರಿಂದ ಸ್ಕ್ಯಾನ್ ಮುಗಿಸದೆ ಅದಕ್ಕೆ ಕೈಹಾಕಬಾರದು.

ಫೈಲ್ ಸಿದ್ಧವಾದ ಮೇಲೆ 300 ಜಿಎಸ್‌ಎಂ ಕಾಗದದಲ್ಲಿ ಪ್ರಿಂಟ್ ತೆಗೆಯಿರಿ. ಪ್ರಿಂಟರ್‌ನಲ್ಲಿ "ಫಿಟ್ ಟು ಪೇಜ್" ತೆಗೆದು 100 ಪರ್ಸೆಂಟ್ ಇಡಿ. ಫೈಲಿನ ಮೂಲೆಯಲ್ಲಿ 100 ಮಿ.ಮೀ. ಗೆರೆ ಎಳೆದಿಟ್ಟು, ಕಾಗದದ ಮೇಲೆ ಅದನ್ನು ಅಳೆಯಿರಿ. ಆ ಕಾಗದವನ್ನು ಕತ್ತರಿಸಿ, ಪ್ಲಗ್ ಕಿತ್ತಿಟ್ಟ ಯಂತ್ರದ ಪೋಸ್ಟ್‌ಗಳ ಮೇಲೆ ಕೂರಿಸಿ ನೋಡಿ. ತೂತು ಹೊಂದದಿದ್ದರೆ ಪೋಸ್ಟಿನ ಅಳತೆಯೇ ಸರಿ, ಪ್ಲಾಸ್ಟಿಕ್ಕಿನದಲ್ಲ. ಹೋಂಸ್ಟೇಯ ಸೆಟ್ಟಿನಲ್ಲಿ ಈ ಕಾಗದದ ಪರೀಕ್ಷೆ ಆಗಿರಲಿಲ್ಲ. ತೂತು ಕೂರದ ಕಡೆ ಪೋಸ್ಟನ್ನೇ ಎಳೆದು ಬಗ್ಗಿಸಿ ಸ್ಕ್ರೂ ಬಿಗಿದಿದ್ದರು. ಸೀಳು ಹೊರಟದ್ದು ಸರಿಯಾಗಿ ಆ ತೂತುಗಳಿಂದಲೇ.

ತೂತಿನ ಗಾತ್ರದಲ್ಲಿ ಜಿಪುಣತನ ಬೇಡ. ಅಮೆರಿಕನ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 6-32 ಮತ್ತು 8-32 ಸ್ಕ್ರೂ (ಮೊದಲನೆಯದು ದಪ್ಪದ ನಂಬರು, ಎರಡನೆಯದು ಇಂಚಿಗೆ ಎಷ್ಟು ಥ್ರೆಡ್ ಎಂಬುದು). 6-32ರ ವ್ಯಾಸ 3.5 ಮಿ.ಮೀ., ಅದಕ್ಕೆ 4 ಮಿ.ಮೀ. ತೂತು ಇರಲಿ. ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ವಿಚ್‌ಬೋರ್ಡಿಗೆ ಕೊಡುವ ಎಂ3.5 ಸ್ಕ್ರೂ ನೋಡಲು ಹಾಗೇ ಇರುತ್ತದೆ. ಆದರೆ ಅದರ ಪಿಚ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಅಂತರ) 0.6 ಮಿ.ಮೀ., 6-32ರದು 0.79. ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದರೆ ಪೋಸ್ಟಿನ ಥ್ರೆಡ್ ಹಾಳು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಹಿಡಿಯುವ ಸ್ಕ್ರೂ ಮಾತ್ರ ನಿಜವಾಗಿ 6-32. ಗಿಡ್ಡವಾದ್ದರಿಂದ ಎಲ್ಲ ಕಡೆ ಬಳಸಲಾಗದಿದ್ದರೂ, ನಿಮ್ಮ ಪೋಸ್ಟ್ ಯಾವ ಥ್ರೆಡ್ಡಿನದು ಎಂದು ತಿರುಗಿಸಿ ನೋಡಲು ಅದು ಸಾಕು. ನಟ್ ಕೆಳಗೆ ನೈಲಾನ್ ವಾಷರ್ ಹಾಕಿ, ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಕೊಟ್ಟು ನಿಲ್ಲಿಸಿ. ಥ್ರೆಡ್ ಲಾಕ್ ದ್ರವ ಹಚ್ಚಬೇಡಿ, ಅದು ಆಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎರಡನ್ನೂ ಸೀಳಿಸುತ್ತದೆ. ಲೇಸರ್ ಹೊಡೆದ ಆಕ್ರಿಲಿಕ್ಕಿನ ಅಂಚಿಗೆ ಸ್ಪಿರಿಟ್ ಸೋಕಿದರೂ ಸಾಕು, ಕೂದಲೆಳೆಯಂಥ ಬಿರುಕುಗಳು ಕಣ್ಣೆದುರೇ ಹರಡುತ್ತವೆ. ಸ್ಯಾನಿಟೈಸರ್ ಹಾಕಿ ಒರೆಸುವವರು ಇದನ್ನು ನೆನಪಿಡಬೇಕು.

ಚಿತ್ರದ ವಿಷಯಕ್ಕೆ ಬಂದರೆ, ಆ ಸೆಟ್ಟಿಗೆ ವಿನೈಲ್ ಸ್ಟಿಕ್ಕರ್ ಪ್ರಿಂಟ್ ಮಾಡಿ ಮೇಲ್ಬದಿಗೆ ಅಂಟಿಸಿದ್ದರು. ಬೆಳಕು ದಾಟದೆ ಬಲ್ಬ್ ಇದ್ದೂ ಇಲ್ಲದಂತಾಯಿತು. ಮಳೆಗಾಲದ ಥಂಡಿಗೆ ಅಂಚು ಎದ್ದು, ಬಲ್ಬಿನ ನೆತ್ತಿಯಲ್ಲಿ ಗುಳ್ಳೆ ಬಂತು. ಸರಿಯಾದ ಕ್ರಮ ಹೀಗೆ: ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಪಾರದರ್ಶಕ ಶೀಟಿನ ಹಿಂಬದಿಗೆ ಯುವಿ ಫ್ಲ್ಯಾಟ್‌ಬೆಡ್‌ನಲ್ಲಿ (ಶೀಟಿನ ಮೇಲೇ ನೇರ ಪ್ರಿಂಟ್ ಮಾಡುವ ಯಂತ್ರ) ಪ್ರಿಂಟ್ ಮಾಡಬೇಕು. ಮೊದಲು ಬಣ್ಣ, ಅದರ ಮೇಲೆ ಬಿಳಿ. ಬಿಳಿ ಇಲ್ಲದಿದ್ದರೆ ಬಣ್ಣ ಕಳೆಗುಂದಿ, ಒಳಗಿನ ವೈರ್ ಎಲ್ಲ ಕಾಣುತ್ತದೆ. ಬಿಳಿ ದಪ್ಪವಾದರೆ ಬೆಳಕು ಬರುವುದಿಲ್ಲ. ಒಂದು ಪಟ್ಟಿಯಲ್ಲಿ ಬಿಳಿಯನ್ನು ಒಂದು ಕೋಟ್, ಎರಡು ಕೋಟ್ ಹೊಡೆಸಿ, ಹಿಂದೆ ಯಂತ್ರದ್ದೇ ಬಲ್ಬ್ ಹಿಡಿದು ನೋಡಿ ಆರಿಸಿ. ಹೊಳೆಯುವ ಫ್ಲೋರೊಸೆಂಟ್ ಕಿತ್ತಳೆ, ಗುಲಾಬಿ ಇದ್ದರೆ ನಾಲ್ಕು ಬಣ್ಣದ ಪ್ರಿಂಟ್‌ನಲ್ಲಿ ಅದು ಬರುವುದೇ ಇಲ್ಲ. ಅಷ್ಟು ಭಾಗ ಸ್ಕ್ರೀನ್ ಪ್ರಿಂಟ್ ಮಾಡಿಸಬೇಕು. ಹೊಸ ಸೆಟ್ ಕೂರಿಸುವಾಗ 44 ನಂಬರಿನ ಬಲ್ಬ್ ತೆಗೆದು 47 ಹಾಕಿ. ಎರಡೂ 6.3 ವೋಲ್ಟ್, ಆದರೆ 44 ಎಳೆಯುವುದು 250 ಮಿಲಿಆಂಪ್, 47 ಎಳೆಯುವುದು 150. ಬಿಸಿ ಅಷ್ಟು ಇಳಿಯುತ್ತದೆ. ಪಿಇಟಿಜಿ ಸುಮಾರು 80 ಡಿಗ್ರಿಗೆಲ್ಲ ಮೆತ್ತಗಾಗುವುದರಿಂದ ಅದಕ್ಕೆ ಈ ಬದಲಾವಣೆ ಬೇಕೇ ಬೇಕು.

ಬಂಪರ್ ಟೋಪಿ (ಚೆಂಡನ್ನು ಒದೆಯುವ ದುಂಡು ಬಂಪರಿನ ಮೇಲ್ಮುಚ್ಚಳ), ನಕ್ಷತ್ರದಾಕಾರದ ಸ್ಟಾರ್ ಪೋಸ್ಟ್‌ನಂಥ ಅಚ್ಚಿನ ಸಾಮಾನು ಶೀಟಿನಲ್ಲಿ ಆಗುವುದಿಲ್ಲ. ಸಿಲಿಕೋನ್ ಅಚ್ಚು ತೆಗೆದು ಪಾಲಿಯುರಿಥೇನ್ ರೆಸಿನ್ ಸುರಿಯುತ್ತಾರೆ. ಇದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮಾಡಿಸಬೇಡಿ. ಆ ರೆಸಿನ್ನಿನ ಐಸೊಸಯನೇಟ್ ಭಾಗ ಗಾಳಿಯ ನೀರಿನ ಪಸೆಯೊಡನೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ತುಂಡಿನೊಳಗೆಲ್ಲ ನೊರೆ ಕಟ್ಟುತ್ತದೆ. ಒಮ್ಮೆ ತೆರೆದ ಡಬ್ಬಿ ಮುಚ್ಚಿಟ್ಟರೂ ಪಸೆ ಎಳೆದುಕೊಂಡಿರುತ್ತದೆ. ಅದರ ಬದಲು ಟೇಬಲ್‌ಗೆ ಸುರಿಯುವ ಎಪಾಕ್ಸಿ ಕೊಡುತ್ತೇವೆ ಎಂದರೂ ಒಪ್ಪಬೇಡಿ, ಬಲ್ಬಿನ ಬಿಸಿಗೆ ಟೋಪಿ ಸೊಟ್ಟಗಾಗುತ್ತದೆ. ತ್ರೀಡಿ ಪ್ರಿಂಟ್‌ನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿಗೇ ಸೋಲುತ್ತದೆ. ಪಿಇಟಿಜಿ ದಾರವನ್ನು 65 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ ಪ್ರಿಂಟ್ ಮಾಡಿದರೆ ಲೇನ್ ಗೈಡ್‌ಗಳಿಗೆ (ಚೆಂಡಿನ ದಾರಿಯ ಪಕ್ಕದ ಪಟ್ಟಿಗಳು) ನಡೆಯುತ್ತದೆ.

ಮಾಡಿಸುವ ಮೊದಲು ನಿಮ್ಮ ಯಂತ್ರದ ಹೆಸರು ಹಾಕಿ ಹುಡುಕಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳ ಹಲವು ಯಂತ್ರಗಳಿಗೆ ತಯಾರು ಸೆಟ್ ಹೊರದೇಶದಲ್ಲಿ ಸಿಗುತ್ತದೆ. ಕಸ್ಟಮ್ಸ್ ಸೇರಿ ದುಬಾರಿ ಅನಿಸಿದರೂ ಕಾಯಿಲ್, ಪ್ಲೇಫೀಲ್ಡ್ ರಿಪೇರಿಯ ಖರ್ಚಿನೊಡನೆ ಇಟ್ಟು ನೋಡಿ. ಇಲ್ಲೇ ಮಾಡಿಸುವುದಾದರೆ ಶೀಟಿನ ಹೆಸರು, ದಪ್ಪ, ಕತ್ತರಿಸುವ ವಿಧಾನ, ಹಿಂಬದಿ ಪ್ರಿಂಟ್, ಬಿಳಿ ಎಷ್ಟು ಕೋಟ್ ಎಂಬುದನ್ನು ಆರ್ಡರ್ ಚೀಟಿಯಲ್ಲೇ ಬರೆಸಿ. ಮೊದಲು ಒಂದೇ ಒಂದು ಸ್ಲಿಂಗ್‌ಶಾಟ್ ತುಂಡು ಮಾಡಿಸಿ ಕೂರಿಸಿ. ಅದು ವಾರವಿಡೀ ಆಟ ತಡೆದ ಮೇಲೆ ಉಳಿದ ಸೆಟ್ಟಿಗೆ ಮುಂಗಡ ಕೊಡಿ.